ಹೀಟ್‌ಸಿಂಕ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮ ಮನೆಯ ಹಿಂದೆಯೇ ರೇಷ್ಮೆ ರೀಲಿಂಗ್ ಘಟಕ ಇದೆ. ಡಿಗ್ರಿ ಓದುವ ಮಗಳ ಲ್ಯಾಪ್‌ಟಾಪ್ ಫ್ಯಾನ್ ಈಗ ಸದಾ ಜೋರಾಗಿ ಕೂಗುತ್ತದೆ. ಅರ್ಧ ಗಂಟೆಗೆಲ್ಲ ತಳ ಸುಡುತ್ತದೆ, ಆಮೇಲೆ ತಾನಾಗೇ ಆಫ್ ಆಗುತ್ತದೆ. ಹೀಟ್‌ಸಿಂಕ್ ಹೋಗಿದೆ, ಹೊಸದು ಹಾಕಬೇಕು ಅಂತ ಅಂಗಡಿಯವರು ಹೇಳಿದರು. ನಿಜವಾ ಸರ್? ನಾನೇ ಬಿಚ್ಚಿ ನೋಡಬಹುದಾ? ಮೋಟಾರ್, ವೈರಿಂಗ್ ಕೆಲಸ ಮಾಡಿ ಅಭ್ಯಾಸವಿದೆ.
– ಓದುಗರು, ಶಿಡ್ಲಘಟ್ಟ

ಉತ್ತರ: ವಾರಂಟಿ ಮುಗಿದಿದ್ದರೆ ಧಾರಾಳವಾಗಿ ಬಿಚ್ಚಿ ಅಣ್ಣಾ. ಹೊಸದನ್ನು ಮಾತ್ರ ಈಗಲೇ ಕೊಳ್ಳಬೇಡಿ.

ಹೀಟ್‌ಸಿಂಕ್ ಅಂದರೆ ಪ್ರೊಸೆಸರ್‌ನ (ಲ್ಯಾಪ್‌ಟಾಪಿನ ಮುಖ್ಯ ಚಿಪ್) ಬಿಸಿಯನ್ನು ಫ್ಯಾನ್ ಕಡೆಗೆ ಸಾಗಿಸುವ ಭಾಗ. ಅದರಲ್ಲಿ ಇರುವುದೇ ಒಂದು ತಾಮ್ರದ ತಟ್ಟೆ, ಚಪ್ಪಟೆ ಕೊಳವೆ, ತುದಿಯಲ್ಲಿ ತೆಳು ರೆಕ್ಕೆಗಳು. ಅದು ಕೆಡುವುದು ಅಪರೂಪ. ನಿಮ್ಮ ಕಡೆಯಿಂದ ಚಿಕ್ಕಬಳ್ಳಾಪುರದ ನನ್ನ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಎತ್ತಿದರೆ ಸಾಕು, ರೆಕ್ಕೆಗಳ ಬಾಯಿಗೆ ಬೂದು ಬಣ್ಣದ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ರೇಷ್ಮೆ ಎಳೆಯೂ ಧೂಳೂ ಹೆಣೆದುಕೊಂಡು ಆದದ್ದು. ಹೊರಗಿನಿಂದ ಬ್ಲೋವರ್ ಹೊಡೆದರೆ ಇದು ಹೋಗುವುದಿಲ್ಲ. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬರುತ್ತದೆ.

ಬಿಚ್ಚುವ ಮೊದಲು ಹತ್ತು ನಿಮಿಷ ಲ್ಯಾಪ್‌ಟಾಪ್ ಓಡಿಸಿ. ಬಿಸಿ ಚೆನ್ನಾಗಿ ದಾಟಲಿ ಅಂತ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವೆ ಬಳಿದಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬಿಸಿಗೆ ಮೆತ್ತಗಾಗುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ. ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕೀಳುವುದು. ಇದನ್ನು ಮರೆಯಲೇಬೇಡಿ. ಆಮೇಲೆ ಫ್ಯಾನ್ ವೈರ್.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ಇರುತ್ತದೆ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಮೇಲೊಂದು ಲೋಹದ ಹೊದಿಕೆ ಇರುತ್ತದೆ, ಲ್ಯಾಪ್‌ಟಾಪಿನದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬರೀ ಸಿಲಿಕಾನ್. ಒಂದೇ ಮೂಲೆಗೆ ಭಾರ ಬಿದ್ದರೆ ಅಂಚು ಒಡೆಯಬಹುದು. ಸ್ಕ್ರೂ ಡ್ರೈವರ್‌ನಿಂದ ಮೀಟಲೇಬೇಡಿ. ಅತ್ತಿತ್ತ ಮೆಲ್ಲಗೆ ತಿರುಗಿಸಿ, ಬಿಡುತ್ತದೆ.

ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಸ್ಯಾನಿಟೈಸರ್, ಥಿನ್ನರ್ ಬೇಡ. ಹೊಸ ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು. ಚಿಪ್‌ನ ಮೇಲ್ಮೈ ಪೂರ್ತಿ ತೆಳ್ಳಗೆ ಮುಚ್ಚಬೇಕು ಅಷ್ಟೇ. ಜಾಸ್ತಿ ಬಳಿದರೆ ಹೆಚ್ಚು ತಂಪಾಗುವುದಿಲ್ಲ. ಸ್ಕ್ರೂಗಳನ್ನು ನಂಬರಿನ ಪ್ರಕಾರವೇ, ಮತ್ತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಪ್ರೊಸೆಸರ್ ಸುತ್ತಲಿನ ಸಣ್ಣ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತವೆ. ಕೆಲವರು ಅವನ್ನು ಕೆರೆದು ಬಿಸಾಕಿ ಅಲ್ಲೂ ಪೇಸ್ಟ್ ಬಳಿಯುತ್ತಾರೆ. ಆ ಚಿಪ್‌ಗೂ ತಾಮ್ರಕ್ಕೂ ನಡುವೆ ಸಂದು ಇದೆ, ಪೇಸ್ಟ್ ಅದನ್ನು ತುಂಬಲಾರದು. ಪ್ರೊಸೆಸರ್‌ಗೆ ಕರೆಂಟ್ ಒದಗಿಸುವ ಭಾಗವೇ ಅಲ್ಲಿ ಬೆಂದುಹೋಗುತ್ತದೆ. ಪ್ಯಾಡ್ ಚೆನ್ನಾಗಿದ್ದರೆ ಸುಮ್ನೆ ಬಿಡಿ. ಹರಿದಿದ್ದರೆ ಅಷ್ಟೇ ದಪ್ಪದ್ದನ್ನು ಹಾಕಿ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಸರಿಯಾಗಿ ಕೂರುವುದಿಲ್ಲ.

ಇಷ್ಟಾದ ಮೇಲೆ ಉಷ್ಣಾಂಶ ತೋರಿಸುವ ತಂತ್ರಾಂಶ ಹಾಕಿ ನೋಡಿ. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಸಣ್ಣ ಕೆಲಸಕ್ಕೇ ಅದು 95 ದಾಟುತ್ತಿದೆ, ಫ್ಯಾನ್ ಜೋರಾಗಿ ತಿರುಗುತ್ತಿದೆ, ಆದರೆ ಕಿಂಡಿಯಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ಮೊದಲು ಸ್ಕ್ರೂ, ಪ್ಯಾಡ್ ಇನ್ನೊಮ್ಮೆ ಪರೀಕ್ಷಿಸಿ. ಅವು ಸರಿಯಿದ್ದರೆ ಆಗ ಕೊಳವೆಯ ಮೇಲೆ ಅನುಮಾನ ಪಡಿ. ಕೊಳವೆಯೊಳಗೆ ಚೂರೇ ಚೂರು ದ್ರವ, ಸಾಮಾನ್ಯವಾಗಿ ನೀರು, ಇರುತ್ತದೆ. ಬಿಸಿ ತುದಿಯಲ್ಲಿ ಆವಿಯಾಗಿ, ರೆಕ್ಕೆಗಳ ಕಡೆ ತಣಿದು ಮತ್ತೆ ಹಿಂದಿರುಗುತ್ತದೆ. ಕೊಳವೆ ಸೀಳಿದ್ದರೆ ಅಥವಾ ಜಜ್ಜಿದ್ದರೆ ಈ ಓಡಾಟ ನಿಲ್ಲುತ್ತದೆ, ರಿಪೇರಿ ಇಲ್ಲ. ಆಗ ಹೀಟ್‌ಸಿಂಕ್ ಮೇಲಿನ ಪಾರ್ಟ್ ನಂಬರ್ ಹೇಳಿ ಅದನ್ನೇ ತರಿಸಿ. ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು. ಅದೇ ಮಾಡೆಲ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವುದಕ್ಕೂ ಇಲ್ಲದ್ದಕ್ಕೂ ಹೀಟ್‌ಸಿಂಕ್ ಬೇರೆ ಬೇರೆ.