ಹೌಸಿಂಗ್ ಆಯಿಲ್ ಬೆಳ್ಳಗಾಗಿದೆಯಾ? ಸೀಲ್ ಬದಲಿಸುವ ಮುಂಚೆ ಬ್ರೀದರ್ ನೋಡಿ

ಮಳೆ ಹಿಡಿದರೆ ಸಾಕು, ಮಲೆನಾಡು ಮತ್ತು ಕೊಡಗಿನ ಕಡೆಯಿಂದ ಜೀಪಿನ ಪ್ರಶ್ನೆಗಳೇ ಜಾಸ್ತಿ ಬರುತ್ತವೆ. ಈ ಸಲ ಎಂಜಿನ್ ವಿಷಯ ಪಕ್ಕಕ್ಕಿಟ್ಟು ಗೇರ್‌ಬಾಕ್ಸ್‌ನಿಂದ ಚಕ್ರದವರೆಗಿನ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಇವುಗಳಲ್ಲಿ ಹೆಚ್ಚಿನವು ಸಣ್ಣ ಖರ್ಚಿನಲ್ಲಿ ಮುಗಿಯಬೇಕಾದವು. ಸಾವಿರಾರು ರೂಪಾಯಿ ಬಿಲ್ ಆದ ಮೇಲೆ ಬರೆದವರೇ ಜಾಸ್ತಿ, ಅದೇ ಬೇಸರ.

ಪ್ರಶ್ನೆ: ನನ್ನದು ಹಳೇ ಮಹೀಂದ್ರ ಎಂಎಂ 540 ಜೀಪು. ತೋಟಕ್ಕೆ ಹೋಗಲು ಮಳೆಗಾಲದಲ್ಲಿ ದಿನಾ ಒಂದು ಹಳ್ಳ ದಾಟಬೇಕು. ಪ್ರತಿ ವರ್ಷ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವಿನ, ಗೇರುಗಳಿರುವ ಪೆಟ್ಟಿಗೆ) ಆಯಿಲ್ ಬೆಳ್ಳಗಾಗುತ್ತದೆ. ಮೆಕ್ಯಾನಿಕ್ ಪ್ರತಿ ಸಲ ಸೀಲ್ ಬದಲಿಸುತ್ತಾರೆ, ಮುಂದಿನ ವರ್ಷ ಮತ್ತೆ ಅದೇ ಕಥೆ. ಏನು ಮಾಡಲಿ? — ಸಕಲೇಶಪುರ ತಾಲ್ಲೂಕಿನ ಓದುಗರು

ಸೀಲ್ ಸುಮ್ನೆ ಬದಲಿಸುತ್ತಾ ಇದ್ದೀರಿ ಅನ್ನಿಸುತ್ತದೆ. ಮೊದಲು ಬ್ರೀದರ್ ನೋಡಿ. ಹಿಂದಿನ ಆಕ್ಸಲ್ ಟ್ಯೂಬಿನ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಟೋಪಿ ಇರುತ್ತದೆ. ಹೌಸಿಂಗ್ ಒಳಗಿನ ಗಾಳಿ ಹೋಗಿ ಬರುವುದು ಅದರಿಂದ. ಗಾಡಿ ಒಂದಷ್ಟು ದೂರ ಓಡಿದಾಗ ಕ್ರೌನ್, ಪಿನಿಯನ್ (ಚಕ್ರಗಳಿಗೆ ಶಕ್ತಿ ತಿರುಗಿಸಿ ಕೊಡುವ ಜೋಡಿ ಗೇರುಗಳು) ಮತ್ತು ಆಯಿಲ್ ಬಿಸಿಯಾಗುತ್ತವೆ, ಒಳಗಿನ ಗಾಳಿ ಹಿಗ್ಗಿ ಆಚೆ ಹೋಗುತ್ತದೆ. ಆಮೇಲೆ ನೀವು ನೇರ ತಣ್ಣೀರಿಗೆ ಇಳಿಸುತ್ತೀರಿ. ಹೌಸಿಂಗ್ ಒಮ್ಮೆಲೇ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಆಗ ಅದು ಎಲ್ಲಿಂದಾದರೂ ಉಸಿರು ಎಳೆಯಲೇಬೇಕು. ಬ್ರೀದರ್ ಕೆಸರು ಕಟ್ಟಿ ಮುಚ್ಚಿಹೋಗಿದ್ದರೆ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಸೀಲ್ ಮಾಡಿರುವುದೇ ಒಳಗಿನ ಆಯಿಲ್ ಹೊರಗೆ ಬರದಂತೆ ತಡೆಯಲು. ಹೊರಗಿನ ನೀರನ್ನು ಒಳಕ್ಕೆ ಬಿಡದ ಶಕ್ತಿ ಅದಕ್ಕೆ ಅಷ್ಟಾಗಿ ಇಲ್ಲ. ಹೊಸ ಸೀಲ್ ಹಾಕಿದರೂ ಅಷ್ಟೇ. ಇನ್ನು ಬ್ರೀದರ್ ಸರಿಯಾಗಿಯೇ ಇದ್ದು ಅದೇ ನೀರಿನೊಳಗೆ ಮುಳುಗಿದರೆ, ಅಲ್ಲಿಂದಲೂ ನೀರು ಒಳಗೆ ಹೋಗಬಹುದು.

ಪರಿಹಾರ ಕಷ್ಟದ್ದಲ್ಲ. ಟೋಪಿ ಬಿಚ್ಚಿ, ಅದೇ ಥ್ರೆಡ್ಡಿನ ಒಂದು ಹೋಸ್ ನಿಪ್ಪಲ್ ಹಾಕಿಸಿ, ಅದಕ್ಕೆ ಆಯಿಲ್ ತಾಳುವ ರಬ್ಬರ್ ಪೈಪ್ ಸೇರಿಸಿ ಚಾಸಿ ಮೇಲಿಂದ ಬಾಡಿಯೊಳಗೆ ಎತ್ತರಕ್ಕೆ ತನ್ನಿ. ಎರಡು ವಿಷಯ ಮರೆಯಬೇಡಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಪೈಪ್ ಬಿಗಿಯಾಗಿರಬಾರದು, ಸಡಿಲ ಬಿಡಿ. ಆದರೆ ನಡುವೆ ಎಲ್ಲೂ ಜೋತು ಬಿದ್ದು ನೀರು ನಿಲ್ಲುವ ಹಾಗೂ ಇರಬಾರದು. ತುದಿಯನ್ನು ಕೆಳಮುಖ ಮಾಡಿ ಒಂದು ಸಣ್ಣ ಫಿಲ್ಟರ್ ಹಾಕಿ. ಮುಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಇವುಗಳಿಗೂ ಇದೇ ಕೆಲಸ ಮಾಡಿಸಿಬಿಡಿ.

ಇನ್ನು ಈಗ ಒಳಗಿರುವ ಆಯಿಲ್ ವಿಷಯ. ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ ಅಂತಲೇ ಲೆಕ್ಕ, ಒಂದು ವಾರವೂ ತಡ ಮಾಡಬೇಡಿ. ಬಣ್ಣ ಬದಲಾಗದೇ ಅನುಮಾನ ಮಾತ್ರ ಇದ್ದರೆ ಹೀಗೆ ಮಾಡಿ: ಜೀಪನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆಯೇ ಡ್ರೈನ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿ, ಕೆಳಗೆ ಒಂದು ಗಾಜಿನ ಲೋಟ ಹಿಡಿಯಿರಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ನಿಂತಿರುತ್ತದೆ, ಮೊದಲು ಅದೇ ಬರುತ್ತದೆ. ಆದರೆ ಡ್ರೈನ್ ಬೋಲ್ಟ್ ಮುಟ್ಟುವ ಮುಂಚೆ ತುಂಬುವ ಬೋಲ್ಟ್ ಬಿಚ್ಚಿ ಬರುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ವರ್ಷಗಟ್ಟಲೆ ತೆಗೆಯದ ಬೋಲ್ಟ್ ಜಾಮ್ ಆಗಿರುತ್ತದೆ. ಆಯಿಲ್ ಎಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟ್ ಬಾರದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಇಳಿಸಿದ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸ್ವಲ್ಪ ಇದ್ದರೆ ಅದು ಮಾಮೂಲಿ ಸವೆತ. ಕೈಗೆ ಚುಚ್ಚುವ ಚೂರು, ಹೊಳೆಯುವ ಸಿಪ್ಪೆ ಸಿಕ್ಕರೆ ಕವರ್ ಬಿಚ್ಚಲೇಬೇಕು. ಚೂರಿಲ್ಲದಿದ್ದರೆ ಹೊಸ ಆಯಿಲ್ ಹಾಕಿ, ಒಂದಷ್ಟು ಕಿಲೋಮೀಟರ್ ಓಡಿಸಿ ಮತ್ತೆ ಇಳಿಸಿ ಇನ್ನೊಮ್ಮೆ ತುಂಬಿ. ಎರಡು ಸಲ ಯಾಕೆ ಅಂದರೆ ಆಕ್ಸಲ್ ಟ್ಯೂಬುಗಳ ಒಳಗೆ ಉಳಿದ ನೀರು ಒಂದೇ ಸಲಕ್ಕೆ ಬರುವುದಿಲ್ಲ. ಆ ನೀರು ಒಳಗೇ ಕೂತರೆ ಬೇರಿಂಗ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಚುಕ್ಕೆ ಎದ್ದ ಬೇರಿಂಗ್ ಮತ್ತೆ ಸರಿಹೋಗುವುದಿಲ್ಲ.

ದಿನಾ ದಾಟುವ ಹಳ್ಳ ಅಂದಿದ್ದೀರಿ. ದೂರದಿಂದ ಬಂದ ದಿನವಾದರೂ ಹಳ್ಳದ ಮುಂಚೆ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಹೌಸಿಂಗ್ ಸ್ವಲ್ಪ ಆರಲಿ. ಇನ್ನೊಂದು, ವಾಟರ್ ಸರ್ವಿಸ್ ಮಾಡುವವರಿಗೆ ಜೋರು ನೀರಿನ ಗನ್ನನ್ನು ಸೀಲು ಮತ್ತು ಬ್ರೀದರ್ ಕಡೆಗೆ ಹಿಡಿಯಬೇಡಿ ಅಂತ ಹೇಳಿ. ಹಳ್ಳದಲ್ಲಿ ಹೋಗದ ನೀರು ಅಲ್ಲಿ ಹೋಗುತ್ತದೆ.

ಪ್ರಶ್ನೆ: ಪ್ರವಾಸಿಗರನ್ನು ಮಾಂದಲಪಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಮೇಲಿನ ಕೆಟ್ಟ ದಾರಿಗೆ ಫೋರ್ ವೀಲ್ ಹಾಕುತ್ತೇನೆ. ಕೆಳಗೆ ಟಾರು ರಸ್ತೆಗೆ ಬಂದ ಮೇಲೆ ಲಿವರ್ ವಾಪಸ್ ಬರುವುದೇ ಇಲ್ಲ, ಸ್ಟಿಯರಿಂಗ್ ಭಾರ, ತಿರುವಿನಲ್ಲಿ ಗಾಡಿ ಹಿಡಿದುಕೊಂಡ ಹಾಗಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು ಅಂತಾರೆ. — ಮಡಿಕೇರಿಯ ಚಾಲಕರು

ಬಿಚ್ಚಬೇಡಿ, ಈಗಲೇ ಬೇಡ. ನಮ್ಮ ಜೀಪು, ಥಾರ್, ಜಿಪ್ಸಿಗಳಲ್ಲಿ ಇರುವುದು ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್. ಅದನ್ನು ಹಾಕಿದಾಗ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದದ ಕೊಳವೆಗಳು) ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಸುತ್ತಬೇಕು. ಕೆಸರಲ್ಲಿ, ಜಲ್ಲಿಯಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ಒಣ ಟಾರಿನಲ್ಲಿ ಟೈರ್ ಜಾರುವುದಿಲ್ಲ, ಹಾಗಾಗಿ ಆ ವ್ಯತ್ಯಾಸವೆಲ್ಲ ಶಾಫ್ಟು, ಕ್ರಾಸು (ಶಾಫ್ಟಿನ ತುದಿಯ ಬಾಗುವ ಕೀಲು), ಗೇರುಗಳಲ್ಲಿ ತಿರುಚಿಕೊಂಡು ಕೂರುತ್ತದೆ. ಲಿವರ್ ಬಾರದಿರುವುದು ಆ ಒತ್ತಡಕ್ಕೆ.

ಲಿವರಿಗೆ ಗುದ್ದಬೇಡಿ, ಕಾಲಲ್ಲಿ ಒದೆಯಬೇಡಿ, ಒಳಗಿನ ಶಿಫ್ಟ್ ಫೋರ್ಕ್ ಬಗ್ಗುತ್ತದೆ. ಸ್ಟಿಯರಿಂಗ್ ನೇರ ಮಾಡಿ, ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ, ಹೋಗುತ್ತಲೇ ಲಿವರನ್ನು ಹಗುರಕ್ಕೆ ಎಳೆದು ಹಿಡಿದಿರಿ. ಒತ್ತಡ ಬಿಚ್ಚಿಕೊಂಡ ಕ್ಷಣ ತಾನೇ ಬರುತ್ತದೆ. ಆಗಲೂ ಬಾರದಿದ್ದರೆ ಒಂದು ಬದಿಯ ಚಕ್ರಗಳನ್ನು ರಸ್ತೆ ಪಕ್ಕದ ಹುಲ್ಲು ಮಣ್ಣಿಗೆ ಇಳಿಸಿ ಅದನ್ನೇ ಮಾಡಿ. ನಾಳೆಯಿಂದ ಟಾರು ಶುರುವಾಗುವ ಮುಂಚೆ, ಇನ್ನೂ ಮಣ್ಣಿನ ಮೇಲಿರುವಾಗಲೇ ಟೂ ವೀಲಿಗೆ ಬಂದುಬಿಡಿ.

ಇಷ್ಟಾದರೂ ಮಣ್ಣಿನ ಮೇಲೆಯೇ ಹಿಡಿದುಕೊಳ್ಳುತ್ತಿದ್ದರೆ ಟೈರ್ ನೋಡಿ. ಹಿಂದೆ ಹೊಸದು, ಮುಂದೆ ಸವೆದದ್ದು ಹಾಕಿದ್ದೀರಾ? ಬಾಡಿಗೆ ಗಾಡಿಗಳಲ್ಲಿ ಇದು ತುಂಬಾ ನಡೆಯುತ್ತದೆ. ಲೆಕ್ಕ ಹಾಕಿ ನೋಡಿ: 30 ಇಂಚು ಎತ್ತರದ ಟೈರಿಗೂ ಸವೆದು ಒಟ್ಟು ಎತ್ತರ ಅರ್ಧ ಇಂಚು ಕಡಿಮೆಯಾದ ಟೈರಿಗೂ ಒಂದು ಕಿಲೋಮೀಟರಿಗೆ ಸುಮಾರು 16-17 ಮೀಟರ್ ವ್ಯತ್ಯಾಸ ಬರುತ್ತದೆ. ನೇರ ರಸ್ತೆಯಲ್ಲೂ ಅಷ್ಟು ದೂರವನ್ನು ಯಾವುದಾದರೂ ಚಕ್ರ ಉಜ್ಜಿಕೊಂಡೇ ಹೋಗಬೇಕು, ಇಲ್ಲವೇ ಏನಾದರೂ ಮುರಿಯಬೇಕು. ನಾಲ್ಕೂ ಒಂದೇ ಅಳತೆ, ಒಂದೇ ಕಂಪನಿ, ಹತ್ತಿರ ಹತ್ತಿರ ಒಂದೇ ಸವೆತದ್ದು ಇರಲಿ. ಗಾಳಿಯೂ ಸರಿಯಾಗಿ ಇರಲಿ. ಸ್ಟೆಪ್ನಿಯನ್ನೂ ಸೇರಿಸಿ ಆಗಾಗ ಜಾಗ ಬದಲಿಸುತ್ತಾ ಹೋದರೆ ಇದು ಕಷ್ಟವೇ ಅಲ್ಲ. ಹಿಂದೆ ಏಳೆಂಟು ಜನರನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಇಳಿಯುವವರು ನೀವು. ಈ ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ.

ಪ್ರಶ್ನೆ: ಗೇರ್‌ಬಾಕ್ಸಿಗೂ ಹೌಸಿಂಗಿಗೂ ಒಂದೇ ಆಯಿಲ್ ಹಾಕಬಹುದಾ? ಅಂಗಡಿಯವರು ಎರಡೂ 90 ನಂಬರ್, ಎರಡೂ ಒಂದೇ ಅಂದರು. — ತೀರ್ಥಹಳ್ಳಿ

ಎರಡೂ 90 ಇರಬಹುದು, ಅದು ದಪ್ಪದ ಲೆಕ್ಕ ಮಾತ್ರ. ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಅಂತ ಇರುತ್ತದೆ, ಅದನ್ನು ಓದಿ. ಹೌಸಿಂಗಿನ ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ, ಒತ್ತಡ ವಿಪರೀತ, ಅದಕ್ಕೆ ಜಿಎಲ್-5 ಬೇಕು. ಗೇರ್‌ಬಾಕ್ಸ್ ಒಳಗೆ ಹಿತ್ತಾಳೆಯ ಸಿಂಕ್ರೊ ರಿಂಗುಗಳು (ಗೇರ್ ಬೀಳುವಾಗ ವೇಗ ಹೊಂದಿಸುವ ಉಂಗುರಗಳು) ಇರುತ್ತವೆ. ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕ, ರಂಜಕದ ಸೇರಿಕೆಗಳಲ್ಲಿ ಕೆಲವು ಆ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತವೆ, ಗೇರ್ ಬೀಳುವುದೂ ಒರಟಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಜಿಎಲ್-4 ಅಂತಿದ್ದರೆ ಅದನ್ನೇ ಹಾಕಿ. ಹಿಂದಿನ ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ) ಮಾದರಿಯದ್ದಾಗಿದ್ದರೆ ಅದಕ್ಕೆ ಹೇಳಿದ ಆಯಿಲೇ ಬೇಕು, ಬೇರೆಯದು ಹಾಕಿದರೆ ತಿರುವಿನಲ್ಲಿ ಕಟಕಟ ಅನ್ನಬಹುದು.

ಪ್ರಶ್ನೆ: ಜಿಪ್ಸಿಗೆ ಉದ್ದದ ಶ್ಯಾಕಲ್ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತರ ಮಾಡಿಸಿದೆ. ಈಗ 60ರ ವೇಗಕ್ಕೆ ಇಡೀ ಗಾಡಿ ನಡುಗುತ್ತದೆ. ಕ್ಲಚ್ ಬಿಟ್ಟಾಗ ಕೆಳಗಿಂದ ಟಕ್ ಅಂತ ಸದ್ದು. ಚಕ್ರ ಬ್ಯಾಲೆನ್ಸ್ ಮಾಡಿಸಿದೆ, ಉಪಯೋಗವಾಗಲಿಲ್ಲ. — ಶಿವಮೊಗ್ಗ

ಎತ್ತರ ಮಾಡಿಸಿದ ಮೇಲೆ ಶುರುವಾಯಿತು ಅಂದರೆ ಪ್ರೊಪೆಲ್ಲರ್ ಶಾಫ್ಟಿನಿಂದ ಹುಡುಕಲು ಶುರು ಮಾಡಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಒಟ್ಟು ಮೂರು ಶಾಫ್ಟು, ಜೊತೆಗೆ ಟ್ರಾನ್ಸ್‌ಫರ್ ಕೇಸ್ ಹೊತ್ತಿರುವ ರಬ್ಬರ್ ಮೌಂಟುಗಳು. ಟಕ್ ಸದ್ದಿಗೆ ಎಷ್ಟೋ ಸಲ ಆ ಹರಿದ ಮೌಂಟೇ ಕಾರಣ, ಅದನ್ನು ಯಾರೂ ನೋಡುವುದಿಲ್ಲ.

ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ ಕೆಳಗೆ ಮಲಗಿ. ಕ್ರಾಸಿನ ಎರಡೂ ಪಕ್ಕದ ಯೋಕುಗಳನ್ನು (ಕ್ರಾಸನ್ನು ಹಿಡಿದಿರುವ ಕವೆಗಳು) ಒಂದೊಂದು ಕೈಯಲ್ಲಿ ಹಿಡಿದು ಎದುರು ಬದುರು ತಿರುಚಿ. ಕೂದಲೆಳೆಯಷ್ಟು ಆಟ ಕೈಗೆ ಸಿಕ್ಕರೂ ಆ ಕ್ರಾಸ್ ಹೋಗಿದೆ. ಕ್ರಾಸಿನ ನಾಲ್ಕು ತುದಿಯ ಕಪ್‌ಗಳ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗು ಗ್ರೀಸಿಲ್ಲದೆ ತುಕ್ಕು ಹಿಡಿದಿದೆ ಅಂತ. ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್‌ನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಒಂದು ಕಪ್ ಒಣಗಿ ಕೂತಿದೆ, ಮೊದಲು ಕೈ ಕೊಡುವುದು ಅದೇ. ನೀರು ದಾಟಿದ ದಿನ ಸಂಜೆಯೇ ಗ್ರೀಸ್ ಹೊಡೆದರೆ ಒಳಗಿನ ನೀರು ಹೊರಗೆ ಬರುತ್ತದೆ, ಮರುದಿನಕ್ಕೆ ಬಿಡಬೇಡಿ.

ಈಗ ನಡುಕ. ಶಾಫ್ಟನ್ನು ಸ್ಲಿಪ್ ಜಾಯಿಂಟ್ (ಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗುವ ಜಾಗ) ಹತ್ತಿರ ಬಿಚ್ಚಿ ಸೇರಿಸಿದ್ದರಾ ಕೇಳಿ. ಒಂದೇ ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿ ಇರಬೇಕು. ಆ ಜಾಯಿಂಟಿನ ಉದ್ದ ಹಲ್ಲುಗಳಲ್ಲಿ, ಅಂದರೆ ಸ್ಪ್ಲೈನಿನಲ್ಲಿ, ಹಲ್ಲು ತಪ್ಪಿ ಕೂತರೆ ನಡುಕ ಖಂಡಿತ. ಅದಕ್ಕೇ ಬಿಚ್ಚುವ ಮುಂಚೆ ಎರಡೂ ಭಾಗಕ್ಕೆ ಪೇಂಟಿನಲ್ಲಿ ಗೆರೆ ಹಾಕಬೇಕು. ಅದು ಸರಿಯಿದ್ದರೆ ಉಳಿಯುವುದು ಕೋನ. ಉದ್ದದ ಶ್ಯಾಕಲ್ ಹಾಕಿದಾಗ ಆಕ್ಸಲ್ ಸ್ವಲ್ಪ ಹೊರಳುತ್ತದೆ, ಪಿನಿಯನ್ನಿನ ಮೂತಿ ಇದ್ದ ಕೋನದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಮಾತ್ರ ಎರಡು ಕ್ರಾಸುಗಳ ಏರುಪೇರು ಪರಸ್ಪರ ಅಳಿಯುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಪಟ್ಟಿ ಕೊಟ್ಟು ಇದನ್ನು ಸರಿ ಮಾಡಬಹುದು. ನನ್ನನ್ನು ಕೇಳಿದರೆ ಮೊದಲಿನ ಶ್ಯಾಕಲ್ ವಾಪಸ್ ಹಾಕಿಸಿ. ಜಿಪ್ಸಿಗೆ ನಮ್ಮ ಕಾಡು ದಾರಿಗಳಿಗೆ ಬೇಕಾದಷ್ಟು ಎತ್ತರ ಹುಟ್ಟಿನಿಂದಲೇ ಇದೆ.

ಪ್ರಶ್ನೆ: ನನ್ನದು ಫೋರ್ ವೀಲ್ ಕ್ಯಾಂಪರ್ ಪಿಕಪ್. ಪಿನಿಯನ್ ಸೀಲ್ ಸೋರುತ್ತಿತ್ತು, ಬದಲಿಸಿದರು. ಮರುದಿನದಿಂದ ಹಿಂದಿನಿಂದ ಊಳಿಡುವ ಸದ್ದು. ಈಗ ಕ್ರೌನ್ ಪಿನಿಯನ್ ಹೋಗಿದೆ, ಹೊಸದು ಹಾಕಬೇಕು ಅಂತಾರೆ. — ಮೂಡಿಗೆರೆ

ಮೊದಲು ಸದ್ದು ಅಲ್ಲಿಂದಲೇ ಬರುತ್ತಿದೆಯಾ ಖಾತ್ರಿ ಮಾಡಿಕೊಳ್ಳಿ. ರಸ್ತೆ ಬದಲಾದಾಗ ಸದ್ದು ಬದಲಾದರೆ ಅದು ಟೈರು, ಮಡ್ ಟೈರುಗಳು ಹಾಗೇ ಕೂಗುತ್ತವೆ. ಎಡಕ್ಕೆ ಬಲಕ್ಕೆ ವಾಲಿದಾಗ ಬದಲಾದರೆ ಚಕ್ರದ ಬೇರಿಂಗು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಬದಲಾದರೆ ಪಿನಿಯನ್ ಕಡೆಯದು.

ನಿಮ್ಮ ಕೇಸಿನಲ್ಲಿ ನನ್ನ ಅನುಮಾನ ಪಿನಿಯನ್ ನಟ್ ಮೇಲೆ. ಸೀಲ್ ತೆಗೆಯಲು ಆ ನಟ್ ಬಿಚ್ಚಲೇಬೇಕು. ಅದರ ಬಿಗಿತವೇ ಪಿನಿಯನ್ ಬೇರಿಂಗುಗಳ ಒತ್ತಡವನ್ನು ಕಾಯುವುದು. ತುಂಬಾ ಆಕ್ಸಲ್‌ಗಳಲ್ಲಿ ಒಳಗೆ ಒಂದು ಕುಗ್ಗುವ ಸ್ಪೇಸರ್ ಇರುತ್ತದೆ, ಒಮ್ಮೆ ಕುಗ್ಗಿದ ಮೇಲೆ ಮತ್ತೆ ಹಿಗ್ಗುವುದಿಲ್ಲ. ಏರ್ ಗನ್ ಹಿಡಿದು ಬಿಗಿದರೆ ಅದು ಅತಿಯಾಗಿ ಕುಗ್ಗಿ ಬೇರಿಂಗ್ ಹಿಂಡಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಊಳಿಡುತ್ತದೆ. ಕಡಿಮೆ ಬಿಗಿದರೆ ಪಿನಿಯನ್ ಆಡುತ್ತದೆ.

ಹೊಸ ಸೆಟ್ ಕೊಳ್ಳುವ ಮುಂಚೆ ಹೌಸಿಂಗ್ ಬಿಚ್ಚಿಸಿ, ಎದುರಿಗೇ ನಿಂತು ನೋಡಿ. ಕ್ರೌನ್ ಹಲ್ಲುಗಳಿಗೆ ಪ್ರಷ್ಯನ್ ಬ್ಲೂ (ಗುರುತು ಮೂಡಿಸುವ ನೀಲಿ ಬಣ್ಣ) ಹಚ್ಚಿ ಕೈಯಲ್ಲಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು, ತುದಿಗೋ ಬುಡಕ್ಕೋ ಅಲ್ಲ. ಹಲ್ಲುಗಳು ನುಣ್ಣಗಿದ್ದು ಗುರುತೂ ಸರಿಯಿದ್ದರೆ ಬೇರಿಂಗು ಪರೀಕ್ಷಿಸಿ, ಹೊಸ ಸ್ಪೇಸರ್, ಹೊಸ ನಟ್ ಹಾಕಿ ಕಂಪನಿ ಹೇಳಿದ ಅಳತೆಗೆ ಬಿಗಿಸಿದರೆ ಸಾಕಾಗಬಹುದು. ಹಲ್ಲು ನಿಜವಾಗಿಯೂ ಕಿತ್ತಿದ್ದರೆ ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ, ಒಂದನ್ನೇ ಅಲ್ಲ. ಫ್ಯಾಕ್ಟರಿಯಲ್ಲಿ ಅವನ್ನು ಒಟ್ಟಿಗೇ ಉಜ್ಜಿ ಹೊಂದಿಸಿರುತ್ತಾರೆ. ಎರಡರ ಮೇಲೂ ಜೋಡಿ ನಂಬರ್ ಕೊರೆದಿದ್ದರೆ ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿ ತನ್ನಿ. ಮತ್ತು ಸೀಲ್ ಮೊದಲು ಸೋರಿದ್ದು ಯಾಕೆ ಅಂತಲೂ ಅವರನ್ನು ಕೇಳಿ. ಬ್ರೀದರ್ ಕಟ್ಟಿಕೊಂಡಿದ್ದರೆ ಬಿಸಿ ಗಾಳಿ ಸೀಲಿನಿಂದಲೇ ಆಯಿಲ್ ತಳ್ಳುತ್ತದೆ. ಅದನ್ನು ಹಾಗೇ ಬಿಟ್ಟರೆ ಈ ಹೊಸ ಸೀಲೂ ಸೋರುತ್ತದೆ.