ಫ್ರಿಸಿಯನ್ನರ ಹಳೆಯ ರಾಜರು ನಿಜಕ್ಕೂ ಇದ್ದರಾ?

ಕೆಲವರು ಇದ್ದರು. (ಫ್ರಿಸಿಯನ್ನರು ಅಂದರೆ ಉತ್ತರ ಸಮುದ್ರದ ಕರಾವಳಿಯ ಒಂದು ಜನಾಂಗ.) ಈಗಿನ ನೆದರ್ಲೆಂಡ್ಸ್ ಕರಾವಳಿ ಆಳಿದ ಆಲ್ಡ್‌ಗಿಸ್ಲ್, 719ರಲ್ಲಿ ತೀರಿಕೊಂಡ ರಾಡ್‌ಬೋಡ್ ಇಬ್ಬರೂ ನಿಜ. ಅವರಿಗಿಂತ ಹಿಂದಿನ ಉದ್ದನೆಯ ಪಟ್ಟಿ ಮಾತ್ರ ಪೂರ್ತಿ ಕಟ್ಟುಕಥೆ. ಅದರ ಮೂಲಪುರುಷ ಫ್ರಿಸೊ ಭಾರತದಿಂದ ಹಡಗಿನಲ್ಲಿ ಬಂದವನಂತೆ! 16ನೇ ಶತಮಾನದ ಪಂಡಿತ ಸಫ್ರಿಡಸ್ ಪೆಟ್ರಸ್ ಇದನ್ನೆಲ್ಲ ಚರಿತ್ರೆ ಅಂತಲೇ ಬರೆದ. ಇತಿಹಾಸಕಾರ ಉಬ್ಬೊ ಎಮ್ಮಿಯಸ್ ಇಂಥ ಕಥೆಗಳನ್ನು ಒಪ್ಪದೆ ಖಂಡಿಸಿದ.

ನನಗೆ ಜಾಸ್ತಿ ಇಷ್ಟವಾಗೋದು ಮ್ಯಾಗ್ನಸ್ ಕಥೆ. ಅವನ ನೇತೃತ್ವದಲ್ಲಿ ಫ್ರಿಸಿಯನ್ನರು ಚಕ್ರವರ್ತಿ ಶಾರ್ಲಮೇನ್‌ಗಾಗಿ ರೋಮ್ ಗೆದ್ದರಂತೆ. ಪ್ರತಿಯಾಗಿ ಅವನು ಕೇಳಿದ್ದು ಸ್ವಾತಂತ್ರ್ಯ: ಹುಟ್ಟಿದವರಿಗೂ, ಇನ್ನೂ ಹುಟ್ಟದವರಿಗೂ, ಮೋಡಗಳಿಂದ ಗಾಳಿ ಬೀಸುತ್ತಿರುವಷ್ಟು ಕಾಲ. ಇದಕ್ಕೆ ಪುರಾವೆಯಾಗಿ ಶಾರ್ಲಮೇನ್ ಹೆಸರಿನ ನಕಲಿ ಸನ್ನದೂ ತಯಾರಾಯಿತು.

ಇದು ಸುಮ್ನೆ ಹುಟ್ಟಿದ ಕಥೆಯಲ್ಲ. ಮಧ್ಯಯುಗದಲ್ಲಿ ಫ್ರಿಸಿಯನ್ನರು ಜಮೀನ್ದಾರ ದೊರೆಗಳಿಲ್ಲದೆ ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದರು. ಪಕ್ಕದ ಹಾಲೆಂಡ್ ಪ್ರಾಂತ್ಯದ ಒಡೆಯರಾದ ಕೌಂಟ್‌ಗಳಿಗೆ ಆ ನೆಲದ ಮೇಲೆ ಕಣ್ಣು. 1345ರಲ್ಲಿ ದಂಡೆತ್ತಿ ಬಂದ ಕೌಂಟ್ 4ನೇ ವಿಲಿಯಂ ಫ್ರಿಸಿಯನ್ನರ ಊರಾದ ವಾರ್ನ್ಸ್ ಬಳಿ ಸತ್ತೇಹೋದ. ಯುದ್ಧ ಗೆದ್ದರೆ ಸಾಕಾಗುತ್ತಿರಲಿಲ್ಲ, ಹಕ್ಕಿಗೆ ದಾಖಲೆಯೂ ಬೇಕಿತ್ತು ಅಲ್ವಾ? 1417ರಲ್ಲಿ ಜರ್ಮನಿಯ ದೊರೆ ಸಿಗಿಸ್ಮಂಡ್ ಅವರ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದ. 1498ರಲ್ಲಿ ಸ್ಯಾಕ್ಸನಿಯ ಆಲ್ಬರ್ಟ್ ಬಂದ ಮೇಲೆ ಅದೂ ಹೋಯಿತು.