ನ್ಯಾಯಾಧೀಶರು, ಕೋರ್ಟ್ ಸಿಬ್ಬಂದಿ, ವಕೀಲರಿಗೆ ಸುಪ್ತ ಪೂರ್ವಗ್ರಹದ ತರಬೇತಿ ಕಡ್ಡಾಯ ಮಾಡಿದರೆ ಪ್ರಯೋಜನ ಇದೆಯೇ?

ಇದೆ. ಆದರೆ ತರಬೇತಿಯೊಂದನ್ನೇ ನಂಬಿ ಕೂರುವಷ್ಟಿಲ್ಲ.

ಸುಪ್ತ ಪೂರ್ವಗ್ರಹ ಎಂದರೆ ಎದುರಿಗಿರುವವರ ಬಣ್ಣ, ಲಿಂಗ, ಮಾತಿನ ಧಾಟಿ ಕಂಡೊಡನೆ ನಮ್ಮ ಅರಿವಿಗೇ ಬಾರದಂತೆ ಮನಸ್ಸು ವಾಲಿಬಿಡುವುದು. ನ್ಯಾಯಾಧೀಶರೂ ಇದಕ್ಕೆ ಹೊರತಲ್ಲ. ಅಮೆರಿಕದ ವಿಚಾರಣಾ ನ್ಯಾಯಾಧೀಶರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇತರರಲ್ಲಿರುವಂತೆಯೇ ಅವರಲ್ಲೂ ಜನಾಂಗೀಯ ಪೂರ್ವಗ್ರಹ ಕಂಡುಬಂತು. ನನಗೆ ಭರವಸೆ ಕೊಡುವುದು ಅದೇ ಅಧ್ಯಯನದ ಇನ್ನೊಂದು ಮಾತು: ಎಚ್ಚರವಿದ್ದು ಮನಸ್ಸು ಮಾಡಿದರೆ ಅವರು ಅದನ್ನು ಹತೋಟಿಯಲ್ಲಿಡಬಲ್ಲರು.

ಕ್ಯಾಲಿಫೋರ್ನಿಯಾ 2019ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಜನರೊಂದಿಗೆ ವ್ಯವಹರಿಸುವ ಕೋರ್ಟ್ ಸಿಬ್ಬಂದಿಗೆ ಎರಡು ವರ್ಷಕ್ಕೊಮ್ಮೆ 2 ಗಂಟೆ ತರಬೇತಿ. ವಕೀಲರ ನಿರಂತರ ಶಿಕ್ಷಣದಲ್ಲೂ ಈ ವಿಷಯ ಸೇರಿತು. ಸಿಬ್ಬಂದಿಯನ್ನು ಒಳಗೊಂಡಿದ್ದು ತುಂಬಾ ಸರಿ. ಕೋರ್ಟಿಗೆ ಬಂದವರಿಗೆ ಮೊದಲು ಎದುರಾಗುವವರೇ ಗುಮಾಸ್ತರು.

ತೊಡಕು ಎಲ್ಲಿದೆ ಎಂದರೆ, ಸುಪ್ತ ಒಲವನ್ನು ಬದಲಿಸುವ ಅಲ್ಪಾವಧಿ ಪ್ರಯತ್ನಗಳ ಪರಿಣಾಮ ಗಂಟೆಗಳಲ್ಲೋ ದಿನಗಳಲ್ಲೋ ಕರಗುತ್ತದೆಂದು 2016ರ ಪ್ರಯೋಗಗಳು ತೋರಿಸಿವೆ. ಆದ್ದರಿಂದ ತರಬೇತಿಯ ಜೊತೆಗೆ ಜಾಮೀನು ಮತ್ತು ಶಿಕ್ಷೆಯ ಅಂಕಿಅಂಶವನ್ನು ಆಯಾ ನ್ಯಾಯಾಧೀಶರ ಮುಂದೆಯೇ ಇಡಬೇಕು, ಪ್ರತಿ ಆದೇಶಕ್ಕೂ ಕಾರಣ ಬರೆಸಬೇಕು. ಆತುರ, ದಣಿವಿನಲ್ಲಿ ಪೂರ್ವಗ್ರಹ ಸುಲಭವಾಗಿ ನುಸುಳುವುದರಿಂದ ಪ್ರಕರಣಗಳ ಹೊರೆಯನ್ನೂ ಇಳಿಸಲೇಬೇಕು.